ಪಿಡುಗಿನ ಕಾಲದ ದೂರವಾಣಿ

ಬೆಂಗಳೂರಿನ ಚರಿತ್ರೆಯಲ್ಲಿ ೧೮೯೮ರ ಪ್ಲೇಗು ಒಂದು ದೊಡ್ಡ ತಿರುವು. ಆ ವರ್ಷದ ಆಗಸ್ಟಿನಲ್ಲಿ ಊರನ್ನು ಹೊಕ್ಕ ಮಹಾಮಾರಿ ಸಾವಿರಾರು ಮಂದಿಯನ್ನು ಬಲಿ ತೆಗೆದುಕೊಂಡಿತು. ಅದರ ಬೆನ್ನಿಗೇ ಗಾಳಿ ಬೆಳಕುಗಳಿಗೆ ಎಡೆಯಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ೧೯೦೦ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. ಇವು ಹಲವರು ಬಲ್ಲ ಸಂಗತಿಗಳು. ಅಷ್ಟಾಗಿ ನೆನಪಿನಲ್ಲಿ ಉಳಿಯದ ಇನ್ನೊಂದು ಸಂಗತಿಯುಂಟು. ಪ್ಲೇಗು ನಿವಾರಣೆಯ ಕೆಲಸಗಳನ್ನು ಹೊಂದಿಸಿ ನಡೆಸಲೆಂದು ಆಗ ಊರಿನಲ್ಲಿ ದೂರವಾಣಿಯ ತಂತಿಗಳನ್ನು ಎಳೆಯಲಾಯಿತು. ಪೇಟೆ ಮೈಸೂರು ಸಂಸ್ಥಾನದ ಆಡಳಿತದಲ್ಲಿತ್ತು, ದಂಡು ಬ್ರಿಟಿಷರ ಕೈಯಲ್ಲಿತ್ತು. ರೋಗಕ್ಕೆ ಈ ಗಡಿಯ ಪರಿವೆ ಇರಲಿಲ್ಲ. ಸುದ್ದಿ ರೋಗಕ್ಕಿಂತ ಬೇಗನೆ ಸಾಗಬೇಕಾಗಿತ್ತು.

ಆದರೆ ಆ ತಂತಿ ಅಧಿಕಾರಿಗಳದು. ಬಡ ರೋಗಿಯ ಮನೆಗೆ ದೂರವಾಣಿ ಎಲ್ಲಿಂದ ಬರಬೇಕು? ಮನೆಗಳನ್ನು ಶೋಧಿಸಿ, ರೋಗಿಗಳನ್ನು ಬೇರ್ಪಡಿಸಿ, ಶಿಬಿರಗಳಿಗೆ ಸಾಗಿಸುವುದು ಅಂದಿನ ಕ್ರಮ. ಇದಕ್ಕೆ ಅಂಜಿದ ಜನ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟರು, ಮಾರಮ್ಮನಿಗೆ ಹರಕೆ ಹೊತ್ತರು. ಬಚ್ಚಿಟ್ಟ ರೋಗಿಯ ಸುದ್ದಿ ಯಾವ ತಂತಿಯಲ್ಲಿಯೂ ಬಾರದು.

೨೦೨೦ರಲ್ಲಿ ಕೋವಿಡ್ ಬಂದಾಗ ಸರ್ಕಾರಗಳು ಮೊದಲು ಆಶ್ರಯಿಸಿದ್ದು, ಮುಂಬಯಿಯ ಪ್ಲೇಗಿಗೆಂದು ೧೮೯೭ರಲ್ಲಿ ರೂಪಿಸಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು. ಕಾಯಿದೆ ಹಳೆಯದು; ದೂರವಾಣಿ ಮಾತ್ರ ತಂತಿಯನ್ನು ಕಳಚಿಕೊಂಡು ಜನರ ಅಂಗೈಗೆ ಬಂದಿತ್ತು. ಆ ಮಾರ್ಚ್ ತಿಂಗಳಲ್ಲಿ ಯಾರಿಗೆ ಕರೆ ಮಾಡಿದರೂ ಮೊದಲು ಒಂದು ಕೆಮ್ಮು, ಆಮೇಲೆ ಎಚ್ಚರಿಕೆಯ ನುಡಿ. ಓದು ಬಾರದವರಿಗೂ ಅದು ತಲಪಿತು. ಮನೆಯಲ್ಲೇ ಪ್ರತ್ಯೇಕವಾಗಿ ಇರಬೇಕಾದವರು, ರಾತ್ರಿ ೧೦ರಿಂದ ಬೆಳಿಗ್ಗೆ ೭ರವರೆಗಿನ ಹೊತ್ತನ್ನುಳಿದು, ಗಂಟೆಗೊಮ್ಮೆ ತಮ್ಮ ಭಾವಚಿತ್ರ ತೆಗೆದು ಕಳುಹಿಸಬೇಕೆಂದು ಕರ್ನಾಟಕ ಸರ್ಕಾರ ಆಜ್ಞಾಪಿಸಿತು. ಚಿತ್ರದೊಡನೆ ಅವರಿದ್ದ ಜಾಗದ ಗುರುತೂ ಹೋಗುತ್ತಿತ್ತು. ಏಪ್ರಿಲ್ ೨ರಂದು ಕೇಂದ್ರ ಸರ್ಕಾರ ತಂದ ಆರೋಗ್ಯ ಸೇತು ಆ್ಯಪ್, ಸಮೀಪಕ್ಕೆ ಬಂದ ಫೋನುಗಳನ್ನು ಬ್ಲೂಟೂತಿನಿಂದ ಗುರುತಿಟ್ಟುಕೊಳ್ಳುತ್ತಿತ್ತು. ಇಬ್ಬರ ನಡುವೆ ಗೋಡೆಯಿತ್ತೇ ಎಂಬುದು ಅದಕ್ಕೆ ತಿಳಿಯದು. ಸ್ಮಾರ್ಟ್‌ಫೋನು ಇಲ್ಲದವರ ಇರವೂ ತಿಳಿಯದು. ಅಂಥವರಿಗಾಗಿ ಮೇ ತಿಂಗಳಲ್ಲಿ, ಸಾಮಾನ್ಯ ಫೋನಿನಿಂದಲೂ ಕರೆ ಮಾಡಬಹುದಾದ ೧೯೨೧ ಎಂಬ ಸಂಖ್ಯೆಯನ್ನು ಏರ್ಪಡಿಸಲಾಯಿತು.

ಇವೆಲ್ಲಕ್ಕಿಂತ ನನಗೆ ಮಹತ್ತ್ವದ್ದೆನಿಸುವುದು ಏಪ್ರಿಲ್ ೨೨ರಂದು ರಾಜ್ಯದಲ್ಲಿ ಆರಂಭವಾದ 'ಆಪ್ತಮಿತ್ರ'. ಅಂದು ೧೪೪೧೦ಕ್ಕೆ ಕರೆ ಮಾಡಿದವರ ಲಕ್ಷಣಗಳನ್ನು ಕೇಳಿಕೊಂಡು, ಅಗತ್ಯವಿದ್ದಲ್ಲಿ ವೈದ್ಯರಿಗೆ ಜೋಡಿಸುತ್ತಿದ್ದರು. ಯಂತ್ರದ ದೃಷ್ಟಿಯಿಂದ ಇದರಲ್ಲಿ ಹೊಸತೇನೂ ಇಲ್ಲ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಪ್ಲೇಗಿನ ಕಾಲದಲ್ಲಿ ಶೋಧನೆಗೆ ಒಳಗಾಗಿದ್ದ ರೋಗಿ ಇಲ್ಲಿ ತಾನಾಗಿ ಬಾಯಿ ತೆರೆದಿದ್ದಾನೆ.

ಕಾವಲು ಬೇಡವೆಂದು ನನ್ನ ವಾದವಲ್ಲ. ಸೋಂಕು ಹರಡುವಾಗ ಯಾರು ಎಲ್ಲಿದ್ದಾರೆಂಬುದನ್ನು ಆಡಳಿತ ಅರಿಯಲೇಬೇಕಾಗುತ್ತದೆ. ಆದರೆ ಅಂಜಿಕೆ ಹುಟ್ಟಿದಲ್ಲಿ ಜನ ಅಂದು ರೋಗಿಯನ್ನು ಬಚ್ಚಿಟ್ಟಂತೆ ಇಂದು ಫೋನನ್ನು ಮನೆಯಲ್ಲಿಟ್ಟು ಹೊರನಡೆಯಬಲ್ಲರು. ಆದುದರಿಂದ ಮುಂದಿನ ಪಿಡುಗಿಗೆ ಮುನ್ನವೇ ಎರಡು ವಿಷಯಗಳು ಇತ್ಯರ್ಥವಾಗಬೇಕು. ಕೂಡಿಹಾಕಿದ ವಿವರಗಳನ್ನು ಯಾವಾಗ ಅಳಿಸುತ್ತೇವೆಂಬುದನ್ನು ಜನರಿಗೆ ಮೊದಲೇ ತಿಳಿಸಬೇಕು. ಫೋನಿಲ್ಲದ ಮನೆಯ ಬಾಗಿಲಿಗೆ ಆಶಾ ಕಾರ್ಯಕರ್ತೆ ನಡೆದೇ ಹೋಗಬೇಕು. ಆಕೆಯ ಆ ನಡಿಗೆಗೆ ತಕ್ಕ ಸಂಬಳವೂ ಇರಬೇಕು.