ರಕ್ತದ ಹೆಪ್ಪು

ಕೋಲಾರದ ಸೀಮೆ ಹಾಲಿಗೆ ಹೆಸರಾದುದು. ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ತಮ್ಮ ಮನೆಯಲ್ಲಿಯೂ ನಡೆಯುವ ಕೆಲಸವೇ. ಹಾಲು ಮೊಸರಾಗುವುದಕ್ಕೂ ರಕ್ತ ಗಟ್ಟಿಯಾಗುವುದಕ್ಕೂ ಕನ್ನಡ ಬಳಸುವ ಮಾತು ಒಂದೇ. ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ಪ್ರಾಣ ಉಳಿಯದು. ಗಾಯವಿಲ್ಲದೆ ಒಳನಾಳದಲ್ಲಿ ಹೆಪ್ಪುಗಟ್ಟಿದರೂ ಪ್ರಾಣಕ್ಕೆ ಸಂಚಕಾರ. ಈ ಎರಡನೆಯ ಬಗೆಯ ಹೆಪ್ಪು ಕೊರೋನ ಪಿಡುಗಿನಲ್ಲಿ ವೈದ್ಯರನ್ನು ಬಹುವಾಗಿ ಕಾಡಿತು.

2020ರ ಮೇ ತಿಂಗಳಿನಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಮುಳಬಾಗಿಲು ತಾಲ್ಲೂಕಿನಲ್ಲಿ ಕಂಡುಬಂದವು. ಬಳಿಕ ರೋಗವು ಮಾಲೂರು, ಶ್ರೀನಿವಾಸಪುರವೆಂಬ ಭೇದವೆಣಿಸಲಿಲ್ಲ. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿಯೂ ಟಮಕದ ಜಾಲಪ್ಪ ಆಸ್ಪತ್ರೆಯಲ್ಲಿಯೂ ರೋಗಿಗಳು ಮಲಗಿದರು. ಡಿ-ಡೈಮರ್ ಎಂಬ ಪರೀಕ್ಷೆ, ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಹೆಪಾರಿನ್ ಎಂಬ ಮದ್ದು, ಈ ಎರಡು ಹೆಸರುಗಳನ್ನು ಮನೆಮಂದಿಯೆಲ್ಲ ಕಲಿತುದು ಆಗಲೇ. ಉಸಿರಿನ ರೋಗಕ್ಕೆ ಹೊಟ್ಟೆಗೇಕೆ ಸೂಜಿ ಎಂದು ಕೇಳಿದವರೂ ಉಂಟು. ಕೇಳಿದ್ದು ತಪ್ಪಲ್ಲ, ಉತ್ತರ ಮಾತ್ರ ಹಳೆಯ ಚರಿತ್ರೆಯಲ್ಲಿದೆ.

ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಹೆಪ್ಪು ಅಲ್ಲಿಯೇ ಹುಟ್ಟಿದುದಲ್ಲ, ಕಾಲಿನ ನಾಳದಿಂದ ಕಳಚಿ ರಕ್ತದೊಡನೆ ಸಾಗಿಬಂದುದು ಎಂದು 1840ರ ದಶಕದಲ್ಲಿ ತೋರಿಸಿಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಕೊ. ಮದ್ದು ದೊರೆತ ಬಗೆ ಇನ್ನೂ ಸ್ವಾರಸ್ಯವಾದುದು. 1916ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಿದ್ದ; ನಾಯಿಯ ಯಕೃತ್ತಿನಲ್ಲಿ ಸಿಕ್ಕಿದುದು ಹೆಪ್ಪನ್ನು ತಡೆಯುವ ವಸ್ತು! ಯಕೃತ್ತಿಗೆ ಗ್ರೀಕರು ಹೇಳುವ 'ಹೆಪಾರ್' ಎಂಬ ಶಬ್ದದಿಂದ ಅದಕ್ಕೆ ಹೆಪಾರಿನ್ ಎಂದು ಹೆಸರಾಯಿತು. ನಮ್ಮ ಹೆಪ್ಪಿಗೂ ಈ ಹೆಪಾರಿಗೂ ನಂಟಿಲ್ಲ, ಕಿವಿಗೆ ಹಾಗೆ ಕೇಳುತ್ತದೆ ಅಷ್ಟೆ.

ಲಕ್ಷಣವೇ ತೋರದ ರೋಗಿಯಲ್ಲಿ ಹೆಪ್ಪನ್ನು ಹುಡುಕುವ ಕೆಲಸದಲ್ಲಿ ದೊಡ್ಡ ಹೆಸರು ಭಾರತ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್ ಅವರದು. ಲಂಡನ್ನಿನಲ್ಲಿ ಅವರು ವಿಕಿರಣದ ಗುರುತು ಹಚ್ಚಿದ ಫೈಬ್ರಿನೋಜನನ್ನು ರೋಗಿಗಳಿಗೆ ಕೊಟ್ಟು, ಕಾಲುಗಳನ್ನು ದಿನವೂ ಅಳೆದರು. 1969ರಲ್ಲಿ ಪ್ರಕಟವಾದ ಲೆಕ್ಕದಂತೆ, ಶಸ್ತ್ರಚಿಕಿತ್ಸೆಯಾದ 132 ಮಂದಿಯಲ್ಲಿ 40 ಮಂದಿಗೆ ಹೆಪ್ಪು ಕಟ್ಟಿತ್ತು. ಅವರಲ್ಲಿ 14 ಮಂದಿಗೆ ಮೂರು ದಿನಗಳೊಳಗೆ ತಾನಾಗಿ ಕರಗಿಯೂ ಹೋಯಿತು. ಮುಂದೆ 1975ರಲ್ಲಿ, ನಾಲ್ಕು ಸಾವಿರಕ್ಕೂ ಮಿಕ್ಕ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ ಅಲ್ಪ ಪ್ರಮಾಣದ ಹೆಪಾರಿನ್ ಕೊಟ್ಟು ನೋಡಿದರು. ಶ್ವಾಸಕೋಶದ ಹೆಪ್ಪಿನಿಂದ ಸತ್ತವರು ಮದ್ದಿಲ್ಲದ ಪಂಗಡದಲ್ಲಿ 16, ಮದ್ದು ಪಡೆದ ಪಂಗಡದಲ್ಲಿ 2. ಕಕ್ಕರ್ ಅವರ ಥ್ರಾಂಬೋಸಿಸ್ ಸಂಶೋಧನ ಸಂಸ್ಥೆಯ ಶಾಖೆ ಬೆಂಗಳೂರಿನಲ್ಲಿಯೂ ತೆರೆಯಿತು.

ಕೊರೋನಕ್ಕೆ ಬರೋಣ. 2020ರಲ್ಲಿ ಹ್ಯಾಂಬುರ್ಗ್ ನಗರದ ವೈದ್ಯರು ಈ ರೋಗದಿಂದ ಸತ್ತ ಮೊದಲ 12 ಮಂದಿಯ ಶವಪರೀಕ್ಷೆ ಮಾಡಿದಾಗ 7 ಮಂದಿಯ ನಾಳಗಳಲ್ಲಿ ಹೆಪ್ಪು ಕಂಡಿತು. ಬದುಕಿದ್ದಾಗ ಅವರ ಬಗ್ಗೆ ಯಾರಿಗೂ ಆ ಅನುಮಾನ ಹುಟ್ಟಿರಲಿಲ್ಲ. ಇದನ್ನು ಓದಿದ ವೈದ್ಯರು, ಆಸ್ಪತ್ರೆ ಸೇರಿದ ಪ್ರತಿಯೊಬ್ಬರಲ್ಲಿಯೂ ಹೆಪ್ಪನ್ನು ಹುಡುಕಬೇಕೇ ಎಂದು ಕೇಳಿದುದು ಸಹಜವಷ್ಟೆ.

ಹುಡುಕುವುದು ಸುಲಭವಲ್ಲ. ಹೆಪ್ಪು ಕರಗುವಾಗ ಉಳಿಯುವ ಚೂರೇ ಡಿ-ಡೈಮರ್; ಆದರೆ ಅದು ವಯಸ್ಸಾದವರಲ್ಲಿ, ಬಸುರಿಯರಲ್ಲಿ, ಜ್ವರ ಬಲಿತವರಲ್ಲಿ ಹೆಪ್ಪಿಲ್ಲದೆಯೂ ಏರುತ್ತದೆ. ಕಾಲಿನ ನಾಳಗಳನ್ನು ಶಬ್ದತರಂಗದಿಂದ ನೋಡುವ ಡಾಪ್ಲರ್ ಯಂತ್ರ ನಂಬಿಗಸ್ತವೇನೋ ಹೌದು, ಆದರೆ ವಾರ್ಡು ತುಂಬಿರುವಾಗ ಒಂದೊಂದು ಹಾಸಿಗೆಗೂ ಅದನ್ನು ಒಯ್ಯುವವರಾರು? ಕೊನೆಗೆ ತಜ್ಞರು ಕಕ್ಕರ್ ಅವರ ದಾರಿಯನ್ನೇ ಹಿಡಿದರು: ರಕ್ತಸ್ರಾವದ ಭಯವಿಲ್ಲದವರಿಗೆ ತಡೆಮದ್ದನ್ನು ಮೊದಲೇ ಕೊಡುವುದು, ಅನುಮಾನ ಬಂದವರಲ್ಲಿ ಮಾತ್ರ ಯಂತ್ರದಿಂದ ಹುಡುಕುವುದು. ಭಾರತ ಸರ್ಕಾರದ ಚಿಕಿತ್ಸಾಕ್ರಮದಲ್ಲಿಯೂ ಹೆಪಾರಿನ್ ಸೇರಿತು. ಇದು ಸರಿಯಾದ ವಿವೇಕವೆಂದೇ ನನಗೆ ತೋರುತ್ತದೆ.

ಹೆಚ್ಚು ಕೊಟ್ಟರೆ ಹೆಚ್ಚು ಗುಣವೇ? 2021ರಲ್ಲಿ ಪ್ರಕಟವಾದ ಬಹುದೇಶಗಳ ಪ್ರಯೋಗದಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ಸಾಧಾರಣ ರೋಗಿಗಳಿಗೆ ನೆರವಾಯಿತು. ತೀವ್ರ ನಿಗಾ ಘಟಕದಲ್ಲಿದ್ದವರಿಗೆ ಆಗಲಿಲ್ಲ. ಎರಡು ಕಡೆಯೂ ರಕ್ತಸ್ರಾವದ ಭಯ ಮಾತ್ರ ಇದ್ದೇ ಇತ್ತು. ಹಾಸಿಗೆ ಹಿಡಿದವರ ಒಂದೇ ಕಾಲು ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಮುಂಗೈಯಲ್ಲಿ ಎಣ್ಣೆ ಹಿಡಿದು ಆ ಕಾಲನ್ನು ತಿಕ್ಕಲು ಕೂಡದೆ, ಅಲ್ಲಿಯೇ ಇರುವ ದಾದಿಯರಿಗೆ ಕೂಡಲೇ ತಿಳಿಸತಕ್ಕದ್ದು.