ಸಣ್ಣ ರೈತರ ಒಕ್ಕಲುತನ: ಅಂದು, ಇಂದು ಮತ್ತು ಮುಂದೆ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಈ ಸಂತೋಷದ ಸಮಯದಲ್ಲಿ ಒಂದು ನೋವಿನ ಮಾತನ್ನೂ ನೆನೆಯಬೇಕಾಗಿದೆ. ಕಳೆದ ಸರ್ವ ಸಾಧಾರಣ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು, "ಎರಡೆಕರೆ ಹೊಲದಾಗ ಇನ್ನ ಒಕ್ಕಲುತನ ಆಗೂದಿಲ್ರಿ, ಮಾರಿ ಬಿಡೂದ ಪಾಡ" ಅಂದರು. ವೇದಿಕೆಯ ಮೇಲೆ ಕುಳಿತ ನಾವು ನಿರ್ದೇಶಕರು ಯಾರೂ ಉತ್ತರ ಕೊಡಲಿಲ್ಲ. ಆ ಮಾತು ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ. ಹೊಲ ಸಣ್ಣದಾದದ್ದೇ ನಮ್ಮ ಕಷ್ಟಕ್ಕೆ ಕಾರಣವೇ, ಇಲ್ಲಾ ಬೇರೆ ಏನಾದರೂ ಇದೆಯೇ? ಇದನ್ನು ತಿಳಿಯಬೇಕಾದರೆ ನಮ್ಮ ಭಾಗದ ಒಕ್ಕಲುತನದ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಹತ್ತಿ ಬಂತು, ಸಾಲವೂ ಬಂತು

ನಮ್ಮ ಗದಗ ಸೀಮೆಯ ಎರಿ ಭೂಮಿ ಮೊದಲಿನಿಂದ ಜೋಳ, ಕಡಲೆ, ಹತ್ತಿಗೆ ಹೆಸರಾದದ್ದು. 1997ರಲ್ಲಿ ಗದಗ ಜಿಲ್ಲೆ ಆಗುವವರೆಗೆ ನಾವು ಧಾರವಾಡ ಜಿಲ್ಲೆಯವರು. ಬ್ರಿಟಿಷರ ಕಾಲದಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1840ರ ದಶಕದಲ್ಲಿ ಸರಕಾರದವರು ಅಮೆರಿಕದ ಹತ್ತಿ ಬೀಜ ತಂದು ಇಲ್ಲಿ ಬಿತ್ತಿಸಿದರು. ಅದಕ್ಕೆ "ಧಾರವಾಡ ಅಮೆರಿಕನ್" ಎಂದೇ ಹೆಸರು ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಯಿತು. ಆಗ ನಮ್ಮ ಹತ್ತಿಗೆ ಎಂದೂ ಕಾಣದ ರೇಟು ಬಂತು. ಯುದ್ಧ ಮುಗಿಯಿತು, ರೇಟು ಇಳಿಯಿತು. ಆದರೆ ರೇಟು ಇದ್ದಾಗ ಮಾಡಿದ ಸಾಲ ಇಳಿಯಲಿಲ್ಲ. ಭೂಮಿಯ ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕಿತ್ತು. ಮುಂದೆ 1876ರಿಂದ 1878ರ ಭೀಕರ ಬರಗಾಲ ಬಂದು ರೈತನನ್ನು ಮತ್ತಷ್ಟು ಹಣ್ಣು ಮಾಡಿತು.

ಇದೇ ಪ್ರಾಂತದ ಪುಣೆ, ಅಹಮದನಗರದ ಕಡೆ 1875ರಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟ ದಂಗೆಯೇ ನಡೆಯಿತು. ಸರಕಾರ 1879ರಲ್ಲಿ ಅಲ್ಲಿನ ರೈತರಿಗಾಗಿ ಒಂದು ಪರಿಹಾರ ಕಾಯ್ದೆ ತಂದಿತು. ಆದರೆ ಕಾಯ್ದೆಯಿಂದ ಹಳೆಯ ಬಡ್ಡಿ ತಡೆಯಬಹುದು, ಮುಂದಿನ ಬಿತ್ತನೆಗೆ ರೊಕ್ಕ ಹುಟ್ಟುವುದಿಲ್ಲವಲ್ಲ!

ಕಣಗಿನಹಾಳದ ದಾರಿ

ಅದಕ್ಕೆ ಉತ್ತರ ಹುಡುಕಿದವರು ನಮ್ಮ ನೆರೆಯವರೇ. ಜರ್ಮನಿಯಲ್ಲಿ ರೈಫೈಸನ್ ಎಂಬುವರು ಹಳ್ಳಿಯ ಬಡ ಒಕ್ಕಲಿಗರನ್ನು ಸೇರಿಸಿ ಸಾಲದ ಸಂಘಗಳನ್ನು ಕಟ್ಟಿದ್ದರು. ಆ ಮಾದರಿ ನೋಡಿ ಭಾರತ ಸರಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ರೈತರನ್ನು ಕೂಡಿಸಿ ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಎಂಬ ಕೀರ್ತಿ ಅದಕ್ಕೆ ಸಲ್ಲುತ್ತದೆ.

ಆಗಿನ ಹಳ್ಳಿ ಸಂಘಗಳ ಒಂದು ನಿಯಮವನ್ನು ನಾವು ಮರೆಯಬಾರದು. ಸದಸ್ಯರ ಹೊಣೆಗಾರಿಕೆಗೆ ಮಿತಿಯೇ ಇರಲಿಲ್ಲ. ಒಬ್ಬನು ಸಾಲ ಮುಳುಗಿಸಿದರೆ ಉಳಿದವರೆಲ್ಲರ ಮೇಲೆ ಹೊಣೆ ಬೀಳುತ್ತಿತ್ತು. ಹೀಗಾಗಿ ಯಾರ ಹೊಲ ಹೇಗಿದೆ, ಯಾರ ಎತ್ತು ಸತ್ತಿದೆ, ಯಾರ ಮನೆಯಲ್ಲಿ ಬೇನೆ ಇದೆ ಎಂಬುದನ್ನು ಒಬ್ಬರಿಗೊಬ್ಬರು ತಿಳಿದಿರಲೇಬೇಕಿತ್ತು. ಆಸ್ತಿಯ ಕಾಗದಕ್ಕಿಂತ ಮನುಷ್ಯರ ನಂಬಿಕೆಯೇ ಜಾಮೀನು.

ಇಷ್ಟಾದರೂ ಸಹಕಾರ ಬೇಗ ಬೇರು ಬಿಡಲಿಲ್ಲ. ಸ್ವಾತಂತ್ರ್ಯದ ನಂತರ 1951–52ರಲ್ಲಿ ದೇಶದಾದ್ಯಂತ ಗ್ರಾಮೀಣ ಸಾಲದ ಸಮೀಕ್ಷೆ ನಡೆಯಿತು. ರೈತ ಮಾಡುವ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳಿಂದ ಬರುವುದು ಸುಮಾರು ಮೂರೇ ರೂಪಾಯಿ ಎಂದು ತಿಳಿದುಬಂತು. ಎ.ಡಿ. ಗೋರ್ವಾಲಾ ಅವರ ಸಮಿತಿ 1954ರಲ್ಲಿ ವರದಿ ಕೊಟ್ಟು, ಬರೀ ಸಾಲ ಕೊಟ್ಟರೆ ಸಾಲದು, ಸಾಲ ಮತ್ತು ಮಾರಾಟ ಎರಡನ್ನೂ ಸಹಕಾರದಲ್ಲಿ ಜೋಡಿಸಬೇಕು ಎಂದು ಹೇಳಿತು. ಒಂದೇ ಎತ್ತು ಹೂಡಿ ರಂಟೆ ಹೊಡೆಯಲು ಆಗುವುದಿಲ್ಲ ಎಂದ ಹಾಗೆ ಈ ಮಾತು. ನಾವು ಇದನ್ನು ಮುಂದೆ ಮತ್ತೆ ನೆನೆಯುತ್ತೇವೆ.

ಭೂಮಿ ಸಿಕ್ಕಿತು, ಭೂಮಿ ಹಂಚಿತು

1974ರಲ್ಲಿ ದೇವರಾಜ ಅರಸು ಅವರ ಸರಕಾರ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತು. ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಗೇಣಿ ರೈತರು ಭೂಮಿಯ ಒಡೆಯರಾದರು. ಪರರ ಹೊಲದಲ್ಲಿ ದುಡಿದು ಸವೆದ ಮನೆತನಗಳು ತಮ್ಮ ಹೆಸರಿನ ಪಹಣಿ ಕಂಡದ್ದು ಆಗಲೇ.

ಅದಾದ ಮೇಲೆ ನಡೆದದ್ದು ಕಾಯ್ದೆಯ ಮಾತಲ್ಲ, ಮನೆಮನೆಯ ಮಾತು. ಕೃಷಿ ಗಣತಿಯ ಪ್ರಕಾರ 1970–71ರಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರ್, ಅಂದರೆ ಎಂಟು ಎಕರೆಗೆ ಸ್ವಲ್ಪ ಕಡಿಮೆ. 2015–16ಕ್ಕೆ ಅದು 1.36 ಹೆಕ್ಟೇರಿಗೆ ಇಳಿಯಿತು, ಅಂದರೆ ಸುಮಾರು 3 ಎಕರೆ 14 ಗುಂಟೆ. ಅದೇ ಗಣತಿಯಂತೆ ಇಡೀ ದೇಶದಲ್ಲಿ ನೂರಕ್ಕೆ 86 ಹಿಡುವಳಿಗಳು 5 ಎಕರೆ ಒಳಗಿನವು. ಅಂದಮೇಲೆ ಸಣ್ಣ ರೈತ ಎಂದರೆ ಎಲ್ಲೋ ಮೂಲೆಯಲ್ಲಿ ಉಳಿದವನಲ್ಲ, ಈ ದೇಶದ ಒಕ್ಕಲುತನವೇ ಅವನದು.

ನಮ್ಮೂರಲ್ಲಿ ಪಾಲು ಆಗುವಾಗ ಹೊಲವನ್ನು ಉದ್ದಕ್ಕೆ ಸೀಳುತ್ತಾರೆ. ಪ್ರತಿಯೊಬ್ಬನಿಗೂ ದಾರಿ ಬೇಕು, ಒಳ್ಳೆ ಮಣ್ಣು ಬೇಕು. ಹೀಗೆ ಸೀಳಿದ ಪಟ್ಟಿಯಲ್ಲಿ ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲದು, ಬದುವಿಗೇ ಎಷ್ಟೋ ನೆಲ ಹೋಗುತ್ತದೆ. ಜೋಡೆತ್ತು ಕಟ್ಟಿದರೆ ವರ್ಷವಿಡೀ ಮೇವು ಬೇಕು, ಎರಡೆಕರೆಗೆ ಅದು ಗಿಟ್ಟುವುದಿಲ್ಲ. ಮೊದಲು ಮುಯ್ಯಾಳು ಇದ್ದರು. ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು. ಈಗ ಬಿತ್ತಲಿಕ್ಕೂ ಬಾಡಿಗೆ, ಎಡೆ ಹೊಡೆಯಲಿಕ್ಕೂ ಬಾಡಿಗೆ, ರಾಶಿಗೂ ಬಾಡಿಗೆ.

ಬೀಜ ಮನೆ ಬಿಟ್ಟು ಹೋಯಿತು

ನಮ್ಮ ಹಿರಿಯರು ಜಯಧರ ಹತ್ತಿ ಬೆಳೆಯುವಾಗ ಬೀಜ ಊರಲ್ಲೇ ಸಿಗುತ್ತಿತ್ತು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಂತು. 1981ರಲ್ಲಿ ಡಿ.ಸಿ.ಎಚ್. 32 ಬಂತು. ಇಳುವರಿ ಹೆಚ್ಚಾದದ್ದು ನಿಜ, ಅದನ್ನು ತಂದ ವಿಜ್ಞಾನಿಗಳಿಗೆ ನಾವು ಋಣಿಗಳು. ಆದರೆ ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ, ಪ್ರತಿ ವರ್ಷ ಕೊಳ್ಳಲೇಬೇಕು. ಅದಕ್ಕೆ ಗೊಬ್ಬರ ಹೆಚ್ಚು, ಔಷಧಿ ಹೆಚ್ಚು. ಮನೆಯ ತಿಪ್ಪೆ ಮತ್ತು ಮನೆಯ ಬೀಜದ ಮೇಲೆ ನಿಂತಿದ್ದ ಒಕ್ಕಲುತನ ಅಂಗಡಿಯ ಮೇಲೆ ನಿಂತಿತು.

ಇದರ ಪರಿಣಾಮ ಬೇಗ ಕಾಣಿಸಿತು. ಮಲಪ್ರಭಾ ನೀರು ಬಂದ ನರಗುಂದ, ನವಲಗುಂದದ ರೈತರು ಹತ್ತಿಯನ್ನೇ ನೆಚ್ಚಿದರು. ರೇಟು ಬಿತ್ತು, ಮೇಲೆ ನೀರಿನ ಕರ ಮತ್ತು ಅಭಿವೃದ್ಧಿ ಕರದ ಹೊರೆ. 1980ರ ಜುಲೈನಲ್ಲಿ ಬಂಡಾಯವೆದ್ದಿತು, ಗೋಲಿಬಾರಿನಲ್ಲಿ ಜೀವಗಳೂ ಹೋದವು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಮುಂದೆ 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು. ಮೊದಮೊದಲು ಕಾಯಿಕೊರಕದ ಔಷಧಿ ಖರ್ಚು ಉಳಿಯಿತು, ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ತಡೆದುಕೊಳ್ಳಲು ಕಲಿಯಿತು. 1865ರ ಕಥೆ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬಂದಿದೆ. ರೇಟು ನಮ್ಮ ಕೈಯಲ್ಲಿಲ್ಲ, ಖರ್ಚು ಮಾತ್ರ ನಮ್ಮದು.

ಇಂದಿನ ಲೆಕ್ಕ

ಇವತ್ತು ಸರಕಾರದ ನೆರವು ಇಲ್ಲವೆಂದಲ್ಲ. ಸಹಕಾರಿ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023–24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಸಾಲವನ್ನು ಎಕರೆ ಮತ್ತು ಬೆಳೆಯ ಲೆಕ್ಕದಲ್ಲಿ ಕೊಡುವುದರಿಂದ ಎರಡೆಕರೆಯವನಿಗೆ ಆ ಮಿತಿ ಹೆಸರಿಗೆ ಮಾತ್ರ. ಭೂಮಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದು ಪೌತಿ ಖಾತೆ ಆಗದವರಿಗೆ ಅದೂ ಇಲ್ಲ. ಬಾಯಿಮಾತಿನ ಲಾವಣಿ ಮೇಲೆ ಉಳುವವರಿಗೆ, ಗಂಡ ತೀರಿಹೋಗಿ ಹೊಲ ನಡೆಸುತ್ತಿರುವ ಅವ್ವಂದಿರಿಗೆ ಪಹಣಿಯಲ್ಲಿ ಹೆಸರಿಲ್ಲ, ಹಾಗಾಗಿ ಸಂಘದಲ್ಲೂ ಸಾಲವಿಲ್ಲ.

ಇನ್ನೊಂದು ಮಾತನ್ನು ನಿರ್ದೇಶಕರಾದ ನಾವೇ ಹೇಳಬೇಕು. ಅವಧಿಯೊಳಗೆ ಸಾಲ ತುಂಬಿದರೆ ಮಾತ್ರ ಶೂನ್ಯ ಬಡ್ಡಿ. ಅದಕ್ಕಾಗಿ ಎಷ್ಟೋ ಜನ ಕೈಗಡ ತಂದು ತುಂಬುತ್ತಾರೆ, ಹೊಸ ಸಾಲ ಎತ್ತಿ ಕೈಗಡ ತೀರಿಸುತ್ತಾರೆ. ನಮ್ಮ ಪುಸ್ತಕದಲ್ಲಿ ವಸೂಲಿ ಚೆನ್ನಾಗಿ ಕಾಣುತ್ತದೆ. ಆ ನಾಲ್ಕು ದಿನದ ಬಡ್ಡಿ ಯಾರ ಪುಸ್ತಕದಲ್ಲಿ ಬರೆದಿದೆ? ಇದು ನಮಗೆ ಗೊತ್ತಿದ್ದೂ ಸಭೆಯಲ್ಲಿ ಚರ್ಚೆಗೆ ತಂದಿಲ್ಲ. ಇದು ನಮ್ಮ ತಪ್ಪು.

ಮಾರಾಟದ್ದೂ ಹೀಗೇ. ಹೆಸರುಕಾಳಿಗೆ 2024–25ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ ಇತ್ತು. ಆದರೆ ಹೆಸರು ಬರುವುದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ. ಕಾಳು ಹಸಿ, ಒಣಗಿಸಲು ಕಣವಿಲ್ಲ, ಇಡಲು ಜಾಗವಿಲ್ಲ, ಹಿಂಗಾರಿ ಕಡಲೆ ಬಿತ್ತಲು ಕೈಯಲ್ಲಿ ರೊಕ್ಕವಿಲ್ಲ. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತನ ಚೀಲ ಅಡತಿ ಅಂಗಡಿಯಲ್ಲಿ ಸಿಕ್ಕ ರೇಟಿಗೆ ಹೋಗಿರುತ್ತದೆ. ಒಂದು ವರ್ಷ ನಾವು ಮತ್ತು ಅಕ್ಕಪಕ್ಕದ ಹೊಲದ ಇಬ್ಬರು ಒಂದೇ ದಿನ ಒಂದೇ ಮಾರ್ಕೆಟ್ಟಿಗೆ ಮೂರು ಬೇರೆ ಬೇರೆ ಗಾಡಿ ಮಾಡಿಕೊಂಡು ಹೋಗಿ, ಅರ್ಧ ತುಂಬಿದ ಗಾಡಿಗೆ ಪೂರಾ ಬಾಡಿಗೆ ಕೊಟ್ಟು ಬಂದೆವು. ಮಾರ್ಕೆಟ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದಾಗ ನಮಗೇ ನಾಚಿಕೆಯಾಯಿತು. ಆ ದಿನ ನಮ್ಮ ನಷ್ಟಕ್ಕೆ ಕಾರಣ ಹೊಲ ಸಣ್ಣದಾದದ್ದಲ್ಲ, ನಾವು ಒಂಟಿಯಾಗಿ ಹೋದದ್ದು.

ಮುಂದಿನ ಇಪ್ಪತ್ತೈದು ವರ್ಷ

ನಮ್ಮ ಉತ್ತರ ಇದೇ. ಸಣ್ಣ ಹೊಲದಲ್ಲಿ ಮನೆಮಂದಿ ಕಣ್ಣಿಟ್ಟು ಮಾಡುವ ದುಡಿಮೆ ದೊಡ್ಡ ಹೊಲದಲ್ಲಿ ಸಿಗುವುದಿಲ್ಲ. ಬೆಳೆಯುವುದರಲ್ಲಿ ಸಣ್ಣ ರೈತ ಸೋತಿಲ್ಲ. ಒಬ್ಬನೇ ಕೊಳ್ಳುವುದರಲ್ಲಿ, ಒಬ್ಬನೇ ಮಾರುವುದರಲ್ಲಿ ಸೋತಿದ್ದಾನೆ. ನಮ್ಮ ಸಂಘ ಇಪ್ಪತ್ತೈದು ವರ್ಷದಲ್ಲಿ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ, ಬಡ್ಡಿ ಸಾಹುಕಾರರ ಬಾಗಿಲು ತಪ್ಪಿಸಿದೆ. ಆದರೆ 1954ರಲ್ಲಿ ಹೇಳಿದ ಎರಡನೆಯ ಎತ್ತನ್ನು, ಅಂದರೆ ಮಾರಾಟವನ್ನು, ನಾವು ಇನ್ನೂ ಹೂಡಿಲ್ಲ.

ನಮ್ಮ ಸೂಚನೆಗಳು ದೊಡ್ಡವೇನಲ್ಲ. ಸಂಘದ ಜಾಗದಲ್ಲಿ ಕಾಳು ಒಣಗಿಸಲು ಸಿಮೆಂಟಿನ ಕಣ ಮತ್ತು ಒಂದು ಗೋದಾಮು ಆಗಬೇಕು. ಗೋದಾಮಿನಲ್ಲಿಟ್ಟ ಕಾಳಿನ ಮೇಲೆ ಅಡಮಾನ ಸಾಲ ಕೊಟ್ಟರೆ ಕಡಲೆ ಬಿತ್ತನೆ ನಿಲ್ಲುವುದಿಲ್ಲ, ಹೆಸರನ್ನೂ ಅವಸರಕ್ಕೆ ಮಾರಬೇಕಿಲ್ಲ. ಬಿತ್ತುವ, ರಾಶಿ ಮಾಡುವ ಯಂತ್ರಗಳನ್ನು ಸಂಘವೇ ಇಟ್ಟು ಸರದಿ ಪ್ರಕಾರ ಬಾಡಿಗೆಗೆ ಕೊಡಬೇಕು. ಪೌತಿ ಖಾತೆ ಆಗದ ಸದಸ್ಯರ ಪಟ್ಟಿ ಮಾಡಿ, ಅವರ ಜೊತೆ ಒಬ್ಬ ನಿರ್ದೇಶಕರು ತಾಲೂಕು ಕಚೇರಿಗೆ ಹೋಗಿಬರಬೇಕು. ಭೂಮಿ ಹೆಸರಿನಲ್ಲಿಲ್ಲದವರನ್ನು ಗುಂಪು ಮಾಡಿ, ಕಣಗಿನಹಾಳದ ಕಾಲದ ಹಾಗೆ ಒಬ್ಬರಿಗೊಬ್ಬರು ಜಾಮೀನಾಗಿಸಿ ಸಾಲ ಕೊಡುವ ದಾರಿ ಹುಡುಕಬೇಕು.

ಇದಕ್ಕೆ ರೊಕ್ಕ ಬೇಕು, ಅದಕ್ಕಿಂತ ಹೆಚ್ಚಾಗಿ ಸದಸ್ಯರು ಸಭೆಗೆ ಬರಬೇಕು. ಚುನಾವಣೆ ಬಂದಾಗ ಇರುವ ಜನಸಂದಣಿ ಲೆಕ್ಕಪತ್ರ ಓದುವಾಗಲೂ ಇರಬೇಕು. ನಿರ್ದೇಶಕರು ತಪ್ಪಿದರೆ ಕೇಳಬೇಕು.

ಸಭೆಯಲ್ಲಿ ಎದ್ದು ನಿಂತ ಆ ಸದಸ್ಯರಿಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇವೆ: ಕಾಕಾ, ಹೊಲ ಮಾರಬ್ಯಾಡ್ರಿ. ಬರುವ ಹೆಸರಿನ ಸುಗ್ಗಿಗೆ ನಿಮ್ಮ ಚೀಲ, ನಮ್ಮ ಚೀಲ ಒಂದೇ ಗಾಡ್ಯಾಗ ಹೋಗ್ಲಿ. ಅಲ್ಲಿಂದ ಸುರು ಮಾಡೋಣ.

 ನಮ್ಮ ಸಂಘ ಚಿನ್ನದ ಹಬ್ಬ ಆಚರಿಸುವಾಗಲೂ ಈ ಊರ ಭೂಮಿ ಈ ಊರವರ ಕೈಯಲ್ಲೇ ಇರಲಿ ಎಂದು ಹಾರೈಸುತ್ತೇವೆ.