ಮೊದಲು ಫೋನೇ ತಡ, ಈಗ ಫೋನಿನೊಳಗಿನದು ತಡ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಲ್ಲಿ ಅಪರಾತ್ರಿಯಲ್ಲಿ ಗಂಟೆ ನೋಡುವವರು ಬಹಳ ಮಂದಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವಲಯಕ್ಕೆ ಈ ಊರಿನದೇ ಹೆಸರು. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಕಾಯುವವರು ಹೊಲದಲ್ಲೇ ಎದ್ದಿರುತ್ತಾರೆ. ತ್ರೀ ಫೇಸ್ ಕರೆಂಟು ನಡುರಾತ್ರಿಯ ಪಾಳಿಗೆ ಬಿದ್ದರೆ ಮೋಟರು ಹಾಕಲು ಏಳಬೇಕು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳಕ್ಕೆ ಹೊತ್ತು ತಪ್ಪದೆ ಸೊಪ್ಪು ಬೀಳಬೇಕು. ಗುಂಡಿ ಒತ್ತದೆ, ಮುಟ್ಟದೆ, ಸದಾ ಗಂಟೆ ತೋರಿಸುತ್ತಿರುವ ಫೋನಿನ ಪರದೆಯನ್ನು ಕಂಪನಿಗಳು ‘ಆಲ್ವೇಸ್ ಆನ್ ಡಿಸ್‌ಪ್ಲೇ’ ಎಂದು ಕರೆದು ದುಬಾರಿ ಫೋನುಗಳ ಜಾಹೀರಾತಿನಲ್ಲಿ ಮೆರೆಸುತ್ತವೆ. ಅದು ನಿಜಕ್ಕೂ ಬೇಕಾಗಿರುವುದು ಇಂಥ ಕಡೆ.

ಇಲ್ಲಿಗೆ ಅದು ಒಮ್ಮೆ ಬಂದೂ ಇತ್ತು. 2003ರಲ್ಲಿ ಹೊರಬಂದ ನೋಕಿಯಾ 1100, ಜಗತ್ತಿನಲ್ಲೆಲ್ಲ ಸೇರಿ 25 ಕೋಟಿಗೂ ಹೆಚ್ಚು ಮಾರಾಟವಾದ ಸೆಟ್ಟು. ತಲೆಯಲ್ಲಿ ಟಾರ್ಚು, ದೂಳು ಇಳಿಯದ ರಬ್ಬರಿನ ಕೀಪ್ಯಾಡು, ಒಂದು ಸಲ ಚಾರ್ಜಿಗಿಟ್ಟರೆ ಐದಾರು ದಿನದ ನಿಶ್ಚಿಂತೆ. ಅದರ ಕಪ್ಪು–ಬಿಳುಪು ಎಲ್‌ಸಿಡಿ ಹೊರಗಿನ ಬೆಳಕನ್ನೇ ಹಿಂದಕ್ಕೆ ಚಿಮ್ಮಿಸುವ ಜಾತಿಯದು. ಹಿಂಬೆಳಕು ಆರಿದ ಮೇಲೂ ಗಂಟೆಯ ಅಂಕಿಗಳು ಪರದೆಯಲ್ಲಿ ನಿಂತೇ ಇರುತ್ತಿದ್ದವು. ಬಿಸಿಲಿಗೆ ಹಿಡಿದರೆ ಇನ್ನಷ್ಟು ನಿಚ್ಚಳ. ಅದಕ್ಕೆ ಯಾರೂ ಹೆಸರಿಡಲಿಲ್ಲ, ಬೆಲೆ ಕಟ್ಟಲಿಲ್ಲ.

ಬಣ್ಣದ ಪರದೆ ಬಂದದ್ದೇ ಅದು ಹೋಯಿತು. ಸಾಮಾನ್ಯ ಬಣ್ಣದ ಎಲ್‌ಸಿಡಿಯಲ್ಲಿ ಒಂದೇ ಒಂದು ಅಂಕಿ ಕಾಣಬೇಕಾದರೂ ಹಿಂದಿರುವ ದೀಪ ಇಡೀ ಪರದೆಗೆ ಉರಿಯಬೇಕು. ಹಾಗೆ ಬಿಟ್ಟರೆ ಬ್ಯಾಟರಿ ಸಂಜೆಯವರೆಗೂ ಬಾಳದು. ಆದ್ದರಿಂದ ಮೂವತ್ತು ಸೆಕೆಂಡಿಗೆ ಪರದೆ ಆರುವುದೇ ವಾಡಿಕೆಯಾಯಿತು. ದಾರಿ ತೆರೆದದ್ದು ಓಎಲ್‌ಇಡಿ. ಅಲ್ಲಿ ಪ್ರತಿ ಚುಕ್ಕೆಯೂ ತನ್ನ ಬೆಳಕನ್ನು ತಾನೇ ಬೆಳಗುತ್ತದೆ, ಕಪ್ಪು ಎಂದರೆ ಆರಿದ ಚುಕ್ಕೆ. ಗಂಟೆಗೆ ಬೇಕಾದಷ್ಟೇ ಚುಕ್ಕೆಗಳನ್ನು ಹೊತ್ತಿಸಿ ಉಳಿದವನ್ನು ಮಲಗಿಸಬಹುದು. ನೋಕಿಯಾದ ಎನ್8 (2010) ಮತ್ತು ಎನ್9 (2011) ಇದನ್ನು ಮಾಡಿದವು. 2013ರಲ್ಲಿ ಲೂಮಿಯಾ ಫೋನುಗಳಿಗೆ ‘ಗ್ಲಾನ್ಸ್’ ಎಂಬ ಹೆಸರಿನಲ್ಲಿ ಬಂತು, ಅದೇ ವರ್ಷ ಮೊಟೊ ಎಕ್ಸ್ ಇಂಥದ್ದೇ ಕೆಲಸಕ್ಕೆ ಕಡಿಮೆ ಕರೆಂಟಿನ ಪುಟ್ಟ ಪ್ರೊಸೆಸರ್ ಇಟ್ಟುಕೊಂಡು ಬಂತು.

ಕೈಬಿಟ್ಟುಹೋದ ಸೌಲಭ್ಯದ ಮೊದಲ ದೊಡ್ಡ ಕಥೆಯೂ ಲೂಮಿಯಾದ್ದೇ. ಗಂಟೆಯ ಚಿತ್ರವನ್ನು ಪರದೆಯೇ ನೆನಪಿಟ್ಟುಕೊಂಡರೆ ಮುಖ್ಯ ಪ್ರೊಸೆಸರ್ ಮಲಗಬಹುದು. ಅದಕ್ಕೆ ಡಿಸ್‌ಪ್ಲೇಯಲ್ಲೇ ಸ್ವಲ್ಪ ಮೆಮೊರಿ ಬೇಕು. 2014ರ ಏಪ್ರಿಲ್‌ನಲ್ಲಿ ಘೋಷಣೆಯಾದ ಲೂಮಿಯಾ 930, ಆ ಸಾಲಿನ ಹಿರಿಯ ಫೋನು, ಆ ಮೆಮೊರಿ ಇಲ್ಲದ ಪರದೆಯೊಂದಿಗೆ ಬಂತು. ಹಿಂದಿನ ವರ್ಷದ 925ರಲ್ಲಿದ್ದ ಗ್ಲಾನ್ಸ್ 930ರಲ್ಲಿ ಇಲ್ಲ. ಭಾರತಕ್ಕೆ ಅದು ತಲುಪಿದ್ದು ಅಕ್ಟೋಬರ್‌ನಲ್ಲಿ. ತಡವೂ ಹೌದು, ಊನವೂ ಹೌದು.

ತಡದ ಚರಿತ್ರೆ ಇದಕ್ಕಿಂತ ಹಳೆಯದು. 2007ರ ಮೊದಲ ಐಫೋನ್ ಭಾರತದ ಅಂಗಡಿಗಳಿಗೆ ಬರಲೇ ಇಲ್ಲ. ಐಫೋನ್ 3ಜಿ 2008ರ ಆಗಸ್ಟ್ 22ರಂದು ಏರ್‌ಟೆಲ್, ವೊಡಾಫೋನ್ ಮೂಲಕ ಬಂದಾಗ 8 ಜಿಬಿಯ ಬೆಲೆ 31,000 ರೂಪಾಯಿ. ಐಫೋನ್ 4 ಅಮೆರಿಕದಲ್ಲಿ 2010ರ ಜೂನ್‌ನಲ್ಲಿ ಮಾರಾಟಕ್ಕೆ ಬಂದರೆ ಇಲ್ಲಿಗೆ 2011ರ ಮೇ 27ಕ್ಕೆ. ಅದಾಗಿ ಐದು ತಿಂಗಳೊಳಗೆ ಅಲ್ಲಿ 4ಎಸ್ ಬಂದಾಗಿತ್ತು. ಹೊಸದೆಂದು ಕೊಂಡವರ ಫೋನು ಕವರು ಸವೆಯುವ ಮೊದಲೇ ಹಳತಾಯಿತು. ಈ ಸಂದಿನಲ್ಲಿ ಬೆಳೆದದ್ದು ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಬಿಲ್ಲಿಲ್ಲದ ವ್ಯಾಪಾರ. ಕನಕಪುರ ರಸ್ತೆಯ ಬಸ್ಸು ಹತ್ತಿದರೆ ಅಲ್ಲಿಗೆ ಹೋಗಿಬರುವುದು ಒಂದು ದಿನದ ಕೆಲಸ. ಅಮೆರಿಕದಲ್ಲಿ ಮಕ್ಕಳಿದ್ದವರಿಗೆ ಇನ್ನೊಂದು ದಾರಿಯಿತ್ತು, ರಜೆಗೆ ಬರುವವರ ಸೂಟ್‌ಕೇಸು. ಆ ದಾರಿಗೂ ಈಗ ತೊಡಕು: 2022ರ ಐಫೋನ್ 14ರಿಂದ ಅಮೆರಿಕದ ಸೆಟ್ಟಿಗೆ ಸಿಮ್ ಹಾಕುವ ಕಂಡಿಯೇ ಇಲ್ಲ, ಇ–ಸಿಮ್ ಮಾತ್ರ. ಮಗಳು ಪ್ರೀತಿಯಿಂದ ತಂದದ್ದನ್ನು ಹಿಡಿದು ಅಪ್ಪ ಸಿಮ್ ಕಂಪನಿಯ ಅಂಗಡಿಗೆ ಅಲೆಯಬೇಕು.

ಕಾಯಿಸುವ ಈ ಪದ್ಧತಿಯನ್ನು ಸಡಿಲಿಸಿದ್ದು ಆನ್‌ಲೈನ್ ಮಾರಾಟ. 2013ರ ನವೆಂಬರ್‌ನಲ್ಲಿ ಘೋಷಣೆಯಾದ ಮೊಟೊ ಜಿ 2014ರ ಫೆಬ್ರುವರಿಗೆ ಬೆಂಗಳೂರಿನದೇ ಆದ ಫ್ಲಿಪ್‌ಕಾರ್ಟ್‌ಗೆ ಬಂತು, 12,499 ರೂಪಾಯಿಗೆ. ಅದರಣ್ಣ ಮೊಟೊ ಎಕ್ಸ್ ಅಮೆರಿಕಕ್ಕಿಂತ ಏಳು ತಿಂಗಳು ತಡವಾಗಿ ಮಾರ್ಚ್‌ನಲ್ಲಿ 23,999ಕ್ಕೆ. ಗುಂಡಿ ಒತ್ತದೆಯೇ ಗಂಟೆ ತೋರಿಸುವ ಪರದೆ ಎಕ್ಸ್‌ನಲ್ಲಿತ್ತು, ಎಲ್‌ಸಿಡಿಯ ಜಿ ಫೋನಿನಲ್ಲಿ ಇರಲಿಲ್ಲ. ಈ ಬೆಲೆಯ ಮೆಟ್ಟಿಲು ಮುಂದೆಯೂ ಉಳಿಯಿತು.

2016ರ ಫೆಬ್ರುವರಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7 ಮತ್ತು ಎಲ್‌ಜಿ ಜಿ5 ಬಾರ್ಸಿಲೋನಾದಲ್ಲಿ ಒಂದೇ ದಿನ ಅನಾವರಣಗೊಂಡವು. ‘ಆಲ್ವೇಸ್ ಆನ್’ ಎಂಬ ಮಾತು ಮನೆಮಾತಾದದ್ದು ಆಗ. ಎಸ್7ರದು ಓಎಲ್‌ಇಡಿ. ಜಿ5 ಮಾತ್ರ ಎಲ್‌ಸಿಡಿಯಲ್ಲೇ ಪಟ್ಟು ಹಿಡಿದು, ಪರದೆಯ ಒಂದು ಭಾಗಕ್ಕಷ್ಟೇ ಹಿಂಬೆಳಕು ಹರಿಸಿ, ಒಂದು ತಾಸಿಗೆ ಶೇಕಡಾ 0.8ರಷ್ಟು ಬ್ಯಾಟರಿ ಸಾಕು ಎಂದು ಹೇಳಿಕೊಂಡಿತು. ಎಸ್7 ಒಂದು ತಿಂಗಳೊಳಗೆ ಭಾರತಕ್ಕೆ ಬಂತು, ಜಿ5 ಬರುವಾಗ ಜೂನ್. ಅಗ್ಗದ ಪರದೆಯಲ್ಲೂ ಈ ಕೆಲಸ ಸಾಧ್ಯ ಎಂದು ತೋರಿಸಿದ ಎಲ್‌ಜಿಯ ಜಾಡನ್ನು ಅಗ್ಗದ ಫೋನು ಮಾಡುವವರು ಹಿಡಿಯಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಬೇಸರ ತರಿಸುವ ತಿರುವು ಅದೇ. ಅದೇ ವರ್ಷ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುತ್ತೇವೆಂದು ‘ಫ್ರೀಡಂ 251’ ದೇಶವನ್ನೆಲ್ಲ ಕುಣಿಸಿತು. ಜೂನ್ 30ರೊಳಗೆ ತಲುಪಿಸುತ್ತೇವೆ ಎಂಬ ಮಾತು ಬಹುತೇಕರ ಪಾಲಿಗೆ ಮಾತಾಗಿಯೇ ಉಳಿಯಿತು. ಗ್ಯಾಲಕ್ಸಿ ನೋಟ್ 7ಕ್ಕೂ ಭಾರತದಲ್ಲಿ ಬೆಲೆ ಗೊತ್ತಾಗಿ, ಮುಂಗಡ ಪಡೆದು, ಬ್ಯಾಟರಿ ಬೆಂಕಿಯ ಸುದ್ದಿಯಿಂದ ಮಾರಾಟ ಮುಂದೆ ಹೋಗಿ, ಕೊನೆಗೆ ರದ್ದೇ ಆಯಿತು.

ತಡಕ್ಕೆ ಎಲ್ಲ ಸಲವೂ ಕಂಪನಿಯೇ ಕಾರಣವಲ್ಲ. ಭಾರತದಲ್ಲಿ ಫೋನು ಮಾರಲು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಬೇಕು, ರೇಡಿಯೊ ತರಂಗಕ್ಕೆ ಒಪ್ಪಿಗೆ ಬೇಕು. ಗೂಗಲ್‌ನ ಪಿಕ್ಸೆಲ್ 4 (2019) ಕೈಸನ್ನೆ ಗುರುತಿಸಲು 60 ಗಿಗಾಹರ್ಟ್ಸ್‌ನ ರೇಡಾರ್ ಬಳಸುತ್ತಿತ್ತು. ಆ ತರಂಗಕ್ಕೆ ಇಲ್ಲಿ ಅನುಮತಿ ಇಲ್ಲದ್ದರಿಂದ ಇಡೀ ಫೋನೇ ಬರಲಿಲ್ಲ. ಪಿಕ್ಸೆಲ್ 5, 6 ಕೂಡ ಬರಲಿಲ್ಲ. ಮೇಲ್ದರ್ಜೆಯ ಪಿಕ್ಸೆಲ್ ಮರಳಿದ್ದು 2022ರ ಅಕ್ಟೋಬರ್‌ನಲ್ಲಿ. ಇನ್ನು ಕೆಲವು ನಿಯಮ ನಮಗೆ ಲಾಭವನ್ನೇ ತಂದವು. ಎಲ್ಲ ಫೋನುಗಳಲ್ಲೂ ಭಾರತದ 22 ಭಾಷೆಗಳ ಅಕ್ಷರ ಓದಲು ಬರಬೇಕೆಂಬ 2016ರ ಮಾನದಂಡ ಅಂಥದು. ಆಂಡ್ರಾಯ್ಡ್ ಕನ್ನಡ ಅಕ್ಷರವನ್ನು ಕಲಿತದ್ದು 2012ರ 4.1ನೇ ಆವೃತ್ತಿಯಲ್ಲಿ. ಐಫೋನಿಗೆ ಆಪಲ್‌ನದೇ ಕನ್ನಡ ಕೀಬೋರ್ಡ್ ಬಂದದ್ದು 2017ರಲ್ಲಿ. ಅಷ್ಟು ವರ್ಷ ಕನ್ನಡಿಗರು ದುಡ್ಡು ಪೂರ್ತಿ ಕೊಟ್ಟು ಫೋನು ಅರ್ಧ ಪಡೆದರು ಎಂದರೆ ತಪ್ಪಿಲ್ಲ.

ತಡ, ಊನ ಎಂಬ ಎರಡೂ ದೂರುಗಳು ಒಂದೇ ಫೋನಿನಲ್ಲಿ ಕೂಡಿದ್ದು ಒನ್‌ಪ್ಲಸ್ 8ರಲ್ಲಿ. ಈ ಕಂಪನಿಯ ಭಾರತದ ಕಚೇರಿ ಬೆಂಗಳೂರಿನಲ್ಲೇ ಇದೆ. ಅದರ ಫೋನುಗಳಿಗೆ ಓಎಲ್‌ಇಡಿ ಪರದೆ 2016ರಿಂದಲೂ ಇದ್ದರೂ ಸದಾ ಗಂಟೆ ತೋರಿಸುವ ಸೌಲಭ್ಯ ಇರಲಿಲ್ಲ. 2018ರ ಒನ್‌ಪ್ಲಸ್ 6ರ ಪರೀಕ್ಷಾ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡು, ಬ್ಯಾಟರಿಯ ಕಾರಣ ಹೇಳಿ ತೆಗೆಯಲಾಯಿತು. 2020ರಲ್ಲಿ ಯಾವ ಸೌಲಭ್ಯ ಬೇಕು ಎಂದು ಕಂಪನಿ ಬಳಕೆದಾರರನ್ನೇ ಕೇಳಿದಾಗ ಇದಕ್ಕೆ ಭಾರೀ ಬೆಂಬಲ ಬಂತು. ಅದೇ ವರ್ಷ ಏಪ್ರಿಲ್ 14ರಂದು ಒನ್‌ಪ್ಲಸ್ 8 ಘೋಷಣೆಯಾದಾಗ ದೇಶ ಲಾಕ್‌ಡೌನ್‌ನಲ್ಲಿತ್ತು. ಅಗತ್ಯವಸ್ತು ಬಿಟ್ಟು ಬೇರೇನನ್ನೂ ಆನ್‌ಲೈನಿನಲ್ಲಿ ಮಾರುವಂತಿರಲಿಲ್ಲ. ಮೇ 29ಕ್ಕೆ ಇಟ್ಟುಕೊಂಡ ಮಾರಾಟ, ಗ್ರೇಟರ್ ನೋಯ್ಡಾದ ಕಾರ್ಖಾನೆಯ ನೌಕರರಿಗೆ ಸೋಂಕು ತಗುಲಿ ಕೆಲಸ ನಿಂತದ್ದರಿಂದ, ಕೆಲವೇ ಸೆಟ್ಟುಗಳಿಗೆ ಇಳಿಯಿತು. 8 ಪ್ರೊ ಸಿಕ್ಕಿದ್ದು ಜೂನ್ ನಡುವಿಗೆ. ಗಂಟೆಯ ಪರದೆ ಅಷ್ಟರಲ್ಲೂ ಬಂದಿರಲಿಲ್ಲ. ಅಕ್ಟೋಬರ್‌ನ ಆಕ್ಸಿಜನ್ ಓಎಸ್ 11ರ ಅಪ್‌ಡೇಟ್‌ನಲ್ಲಿ ಬಂತು. ಯಂತ್ರ ಅದೇ, ಪರದೆ ಅದೇ. ನಡುವೆ ಇದ್ದದ್ದು ಒಂದು ತೀರ್ಮಾನ ಮಾತ್ರ.

ಹಳ್ಳಿಗಾಗಿಯೇ ಮಾಡಿದ ಫೋನೂ ಕಾಯಿಸಿತು. ಜಿಯೋಫೋನ್ ನೆಕ್ಸ್ಟ್ 2021ರ ಜೂನ್‌ನಲ್ಲಿ ಘೋಷಣೆಯಾಗಿ ಗಣೇಶನ ಹಬ್ಬಕ್ಕೆ ಬರಬೇಕಿತ್ತು. ಚಿಪ್ಪಿನ ಬರದಿಂದ ದೀಪಾವಳಿಗೆ ಹೋಯಿತು. ಬೆಲೆ 6,499 ಎಂದು ಗೊತ್ತಾದಾಗ, ಇದಕ್ಕಿಂತ ಅಗ್ಗವಾಗುತ್ತದೆಂದು ಕಾದಿದ್ದವರು ಸುಮ್ಮನಾದರು.

ಗಂಟೆಯ ಪರದೆ ಕೊಡುವುದರಲ್ಲಿ ಆಪಲ್ ಅತ್ಯಂತ ನಿಧಾನ. ಅದರ ಓಎಲ್‌ಇಡಿ ಐಫೋನ್ 2017ರಲ್ಲೇ ಬಂತು, ಗಡಿಯಾರಕ್ಕೆ ಸದಾ ಬೆಳಗುವ ಪರದೆ 2019ರಲ್ಲಿ, ಫೋನಿಗೆ 2022ರ 14 ಪ್ರೊನಲ್ಲಿ. ಸೆಕೆಂಡಿಗೆ ಒಂದೇ ಸಲ ಚಿತ್ರ ಬದಲಿಸುವಷ್ಟು ನಿಧಾನವಾಗಬಲ್ಲ ಪರದೆಗಾಗಿ ಕಾದೆವು ಎಂಬುದು ಅದರ ಸಮಜಾಯಿಷಿ. ಬ್ಯಾಟರಿಯ ದೃಷ್ಟಿಯಿಂದ ಅದರಲ್ಲಿ ಹುರುಳಿದೆ. ಪ್ರೊ ಅಲ್ಲದ ಫೋನಿಗೆ ಮಾತ್ರ 2025ರ ಐಫೋನ್ 17ರವರೆಗೆ ಕೊಡದಿರಲು ವ್ಯಾಪಾರ ಬಿಟ್ಟು ಬೇರೆ ಕಾರಣ ನನಗೆ ಕಾಣದು.

ಐಫೋನ್ 17 ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಘಟಕದಲ್ಲೂ ತಯಾರಾಗುತ್ತಿದೆ. 2017ರಲ್ಲಿ ಪೀಣ್ಯದಲ್ಲಿ ವಿಸ್ಟ್ರಾನ್ ಐಫೋನ್ ಎಸ್‌ಇ ಜೋಡಿಸಲು ತೊಡಗಿದ್ದು, ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್‌ನ ಸಂಬಳದ ಗಲಭೆ, ಆ ಘಟಕ 2023ರಲ್ಲಿ ಟಾಟಾ ಪಾಲಾದದ್ದು, ಇವೆಲ್ಲ ದಾಟಿ ಐಫೋನ್ ತಯಾರಿಕೆ ಇಲ್ಲಿಗೆ ಬಂದಿದೆ. ಐಫೋನ್ 4ಕ್ಕೆ ಹನ್ನೊಂದು ತಿಂಗಳು ಕಾದ ನಾಡಿಗೆ ಈಗ ಫೋನು ಅಮೆರಿಕದ ದಿನವೇ ಸಿಗುತ್ತದೆ. ತಡ ಹೋದದ್ದು ಒಳಗಿನ ಸೌಲಭ್ಯಕ್ಕೆ. 5ಜಿ ಎಂದು ಬರೆದ ಐಫೋನ್ ಕೊಂಡವರಿಗೆ, 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದ ಮೇಲೂ, ಡಿಸೆಂಬರ್‌ನ ಅಪ್‌ಡೇಟ್‌ವರೆಗೆ ಅದು ಬರಲಿಲ್ಲ. 2024ರ ಐಫೋನ್ 16ರ ಜಾಹೀರಾತಿನ ತುಂಬ ಇದ್ದ ಆಪಲ್ ಇಂಟೆಲಿಜೆನ್ಸ್ ಭಾರತದ ಇಂಗ್ಲಿಷಿಗೆ ಬಂದದ್ದು 2025ರ ಏಪ್ರಿಲ್ ಹೊತ್ತಿಗೆ; ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಗೂಗಲ್‌ನ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬರುವಾಗಲೇ ಕನ್ನಡ ಕಲಿತು ಬಂದಿತ್ತು. ಮನಸ್ಸಿದ್ದರೆ ಆಗುತ್ತದೆ.

ಅಗ್ಗದ ಫೋನುಗಳ ಸ್ಥಿತಿ ಹೀಗಿದೆ. 2021ರ ಮಾರ್ಚ್‌ನಲ್ಲಿ ರೆಡ್ಮಿ ನೋಟ್ 10 ಓಎಲ್‌ಇಡಿ ಪರದೆಯೊಂದಿಗೆ 11,999ಕ್ಕೆ ಬಂತು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಆಲ್ವೇಸ್ ಆನ್’ ಎಂದೇ ಬರೆದಿತ್ತು, ಮುಟ್ಟಿದರೆ ಹತ್ತು ಸೆಕೆಂಡ್ ಬೆಳಗಿ ಆರುತ್ತಿತ್ತು. ಹತ್ತು ಸಾವಿರದೊಳಗಿನ ಫೋನುಗಳಲ್ಲಿ ಈಗಲೂ ಎಲ್‌ಸಿಡಿಯೇ ಹೆಚ್ಚು. ಕೋಡಿಹಳ್ಳಿಯ ಕಡೆ ಕೈಯಲ್ಲಿ ಅಂಥ ಫೋನು ಇರುವವರು ಪ್ಲೇ ಸ್ಟೋರ್‌ನಲ್ಲಿ ಸಿಗುವ ‘ಆಲ್ವೇಸ್ ಆನ್’ ಆ್ಯಪ್‌ಗಳನ್ನು ಹಾಕಿಕೊಳ್ಳದಿರುವುದು ಒಳ್ಳೆಯದು. ಅವು ಕಪ್ಪು ಚಿತ್ರವೊಂದನ್ನು ತೋರಿಸಿ ಹಿಂದಿನ ದೀಪವನ್ನು ರಾತ್ರಿಯಿಡೀ ಉರಿಸುತ್ತವೆ, ಬೆಳಗಿನ ಜಾವಕ್ಕೆ ಚಾರ್ಜು ಇರುವುದಿಲ್ಲ. ಫೋನು ಎತ್ತಿದರೆ ಅಥವಾ ಎರಡು ಸಲ ತಟ್ಟಿದರೆ ಪರದೆ ಬೆಳಗುವ ಆಯ್ಕೆ ಇಂಥ ಅನೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿದೆ. ರಾತ್ರಿ ಕಾಯುವವರಿಗೆ ಸದ್ಯಕ್ಕೆ ಅದು ಸಾಕಾಗುತ್ತದೆ. ಗುಡಿಸಲಿನ ಗೂಟಕ್ಕೆ ಹಳೆಯ ಕೀಪ್ಯಾಡ್ ಸೆಟ್ಟೊಂದನ್ನು ತೂಗುಹಾಕಿಕೊಂಡಿರುವವರಿಗೆ ಅದೂ ಬೇಕಿಲ್ಲ.